ಅಲಗಿಗೆ ಮಾತ್ರ ಚಿನ್ನವಿಲ್ಲ: ಉಯೆನೊ, ಸೆಕಿ, ನಾರಾ

ಉಯೆನೊ ಪಾರ್ಕಿನ ಆ ತುದಿಗಿರುವ ಟೋಕಿಯೋ ರಾಷ್ಟ್ರೀಯ ವಸ್ತುಸಂಗ್ರಹಾಲಯಕ್ಕೆ ಹೋದವರು ಸಮುರಾಯ್‌ಗಳ ಕವಚ, ಆಯುಧ ನೋಡಬೇಕೆಂದರೆ ಮುಖ್ಯ ಕಟ್ಟಡದ ಮೇಲ್ಮಹಡಿ ಹತ್ತಬೇಕು. ನಾವು ಹೋದ ದಿನ ಅಲ್ಲಿ ಗಾಜಿನ ಹಿಂದೆ ಒಂದು ಜೋಡಿ ಕತ್ತಿಯ ಒರೆ ಇಟ್ಟಿದ್ದರು. ಒಂದು ಉದ್ದ, ಒಂದು ಗಿಡ್ಡ. ಕುಂಕುಮಗೆಂಪು ಮೆರುಗೆಣ್ಣೆಯ ಮೇಲೆ ಚಿನ್ನದ ಪಟ್ಟಿ ಓರೆಯಾಗಿ ಸುತ್ತುತ್ತ ಮೇಲಿಂದ ಕೆಳಗಿನವರೆಗೂ ಇಳಿದಿದೆ. ಹದಿನಾರನೇ ಶತಮಾನದ ಕೊನೆಯಲ್ಲಿ ಜಪಾನನ್ನು ಒಂದೇ ಆಳ್ವಿಕೆಗೆ ತಂದ ತೊಯೊತೊಮಿ ಹಿದೆಯೊಶಿಯದ್ದು ಎಂದು ಪ್ರತೀತಿ. ಚಹಾ ಕುಡಿಯಲು ಚಿನ್ನದ ಕೋಣೆಯನ್ನೇ ಮಾಡಿಸಿಕೊಂಡಿದ್ದ ಆಸಾಮಿ. ಅವನ ಸೊಂಟದಲ್ಲಿ ಇದಕ್ಕಿಂತ ಕಡಿಮೆಯದ್ದು ಇರಲು ಸಾಧ್ಯವೇ? ಇದೇ ಹಿದೆಯೊಶಿ 1588ರಲ್ಲಿ ರೈತರ ಮನೆಗಳಿಂದ ಕತ್ತಿ, ಈಟಿಗಳನ್ನೆಲ್ಲ ಬಾಚಿಕೊಂಡ. ಆ ಕಬ್ಬಿಣ ಕ್ಯೋಟೋದಲ್ಲಿ ಏಳುತ್ತಿರುವ ಮಹಾಬುದ್ಧನ ಗುಡಿಗೆ ಮೊಳೆಯಾಗುತ್ತದೆ ಎಂದು ಸಮಾಧಾನ ಹೇಳಿದ. ರೈತರಿಗೆ ಪುಣ್ಯ, ಸಾಹೇಬರಿಗೆ ಚಿನ್ನದ ಒರೆ.

ಭಾವ ಗಾಜಿಗೆ ಮೂಗು ತಾಗುವಷ್ಟು ಹತ್ತಿರ ನಿಂತಿದ್ದರು. ಅವರು ನಗೊಯಾದಲ್ಲಿ ನೆಲೆಸಿ ವರ್ಷಗಳಾಗಿವೆ. ಕಾರಿನ ಬಿಡಿಭಾಗದ ಕಾರ್ಖಾನೆಯಲ್ಲಿ ಕೆಲಸ. ಮನೆಯ ಹಾಲಿನಲ್ಲಿ ಒಂದು ಶೋಕೇಸು, ಅದರ ತುಂಬ ಕೋಟೆಗಳ ಪುಟ್ಟ ಮಾದರಿಗಳು, ಹಳೆಯ ನಾಣ್ಯಗಳು, ಕತ್ತಿಯ ಒಂದೆರಡು ಕೈತಡೆಗಳು (ಹಿಡಿಗೂ ಅಲಗಿಗೂ ನಡುವೆ ಕೂರುವ ಲೋಹದ ಬಿಲ್ಲೆ). ಮೇಲಿನ ಗೋಡೆ ಖಾಲಿ. ಅಲ್ಲಿಗೆ ಹಿಡಿಯಿಂದ ತುದಿಯವರೆಗೆ ಚಿನ್ನದ ಬಣ್ಣದ ಕತ್ತಿಯೇ ಬೇಕು ಎಂದು ಹಠ ಹಿಡಿದಿದ್ದರು. ನಾನು ಜಪಾನಿಗೆ ಬಂದದ್ದೇ ನೆಪವಾಗಿ ಇಬ್ಬರೂ ಹೊರಟಿದ್ದೆವು.

“ನೋಡಿದ್ಯಾ, ದೊಡ್ಡೋರೂ ಚಿನ್ನದ್ದೇ ಇಟ್ಕೊಂಡಿದ್ರು” ಎಂದರು.

“ಒರೆಗೆ ಭಾವ, ಅಲಗಿಗಲ್ಲ.”

ಆ ಮಾತು ಬಾಯಿಗೆ ಸುಮ್ಮನೆ ಬಂದದ್ದು. ಆದರೆ ಮುಂದಿನ ಇಡೀ ಪ್ರಯಾಣದಲ್ಲಿ ನನ್ನ ಕಣ್ಣು ಅದನ್ನೇ ಹುಡುಕುತ್ತಿತ್ತು. ಚಿನ್ನ ಎಲ್ಲಿದೆ? ಒರೆಯ ಮೇಲೆ ಚಿನ್ನದ ಪುಡಿ ಉದುರಿಸಿ ಬರೆದ ಚಿತ್ರ. ಹಿಡಿಗೆ ಸುತ್ತಿದ ರೇಷ್ಮೆ ದಾರದ ಅಡಿಯಲ್ಲಿ ಇಣುಕುವ ಬೆರಳುದ್ದದ ಚಿನ್ನದ ಡ್ರ್ಯಾಗನ್‌ಗಳು. ಕೈತಡೆಯ ಕಪ್ಪು ಲೋಹದಲ್ಲಿ ಕೆತ್ತಿ ಕೂರಿಸಿದ ಚಿನ್ನದ ಎಲೆ, ಅಲೆ. ಆ ಕಪ್ಪಿನ ಒಳಗೂ ಚಿನ್ನವಿದೆ! ತಾಮ್ರಕ್ಕೆ ನೂರಕ್ಕೆ ಮೂರು ನಾಲ್ಕು ಪಾಲು ಚಿನ್ನ ಬೆರೆಸಿ, ರಸಾಯನದಲ್ಲಿ ಕುದಿಸಿದರೆ ಈ ನೀಲಿಗಪ್ಪು ಬಣ್ಣ ಬರುತ್ತದೆ, ಶಾಕುದೊ ಎನ್ನುತ್ತಾರೆ. ಈ ಕೆಲಸದಲ್ಲಿ ಹೆಸರಾದದ್ದು ಗೊತೊ ಮನೆತನ. ಹದಿನೈದನೇ ಶತಮಾನದಲ್ಲಿ ಅಶಿಕಾಗಾ ವಂಶದ ಶೋಗನ್‌ನ, ಅಂದರೆ ಸೇನಾಡಳಿತಗಾರನ, ಆಶ್ರಯದಲ್ಲಿದ್ದ ಗೊತೊ ಯೂಜೊನಿಂದ ಶುರುವಾಗಿ ತಲೆಮಾರುಗಳ ಕಾಲ ಕತ್ತಿಯ ಒಡವೆ ಮಾಡಿದವರು. ಹಿದೆಯೊಶಿಯ ದೊಡ್ಡ ಚಿನ್ನದ ನಾಣ್ಯಗಳನ್ನು ಹೊಡೆದುಕೊಟ್ಟದ್ದೂ ಅದೇ ಮನೆಯವರು. ಇಷ್ಟೆಲ್ಲ ಚಿನ್ನದ ನಡುವೆ ಅಲಗು ಮಾತ್ರ ಉಕ್ಕಿನ ಬಣ್ಣದಲ್ಲೇ ಇದೆ.

ಸುಮೊ ಪೈಲ್ವಾನರ ಬಡಾವಣೆ ರ್‍ಯೋಗೊಕುವಿನಲ್ಲಿ, ಹಳೆಯ ಯಾಸುದಾ ತೋಟದ ಅಂಚಿಗೆ, ಕತ್ತಿಗಳಿಗೆಂದೇ ಒಂದು ವಸ್ತುಸಂಗ್ರಹಾಲಯವಿದೆ. 2018ರ ಜನವರಿಯಲ್ಲಿ ಯೊಯೊಗಿಯಿಂದ ಇಲ್ಲಿಗೆ ಬಂದದ್ದು. ಅಲ್ಲಿನ ನೋಟಕರು ನಮಗೆ ಪ್ರದರ್ಶನದಷ್ಟೇ ಚೆಂದ ಕಂಡರು. ಯಾರೂ ನೆಟ್ಟಗೆ ನಿಲ್ಲುವುದಿಲ್ಲ. ಮಂಡಿ ಬಾಗಿಸಿ, ತಲೆ ಓರೆ ಮಾಡಿ, ಒಂದು ಹೆಜ್ಜೆ ಹಿಂದೆ ಸರಿದು, ಮತ್ತೆ ಕುಕ್ಕರುಗಾಲಲ್ಲಿ ಕುಳಿತು ನೋಡುತ್ತಾರೆ. ದೀಪದ ಬೆಳಕು ಅಲಗಿನ ಮೇಲೆ ಸರಿಯಾದ ಕೋನದಲ್ಲಿ ಬಿದ್ದಾಗ ಮಾತ್ರ ಬಾಯಂಚಿನ ಉದ್ದಕ್ಕೂ ಮಂಜಿನಂಥ ಬಿಳಿ ಗೆರೆ ಕಾಣಿಸಿಕೊಳ್ಳುತ್ತದೆ. ಅದು ಹಾಮೊನ್. ಅಲಗಿನ ಬೆನ್ನಿಗೆ ದಪ್ಪಗೆ, ಬಾಯಿಗೆ ತೆಳ್ಳಗೆ ಮಣ್ಣು ಮೆತ್ತಿ, ಕೆಂಪಗೆ ಕಾಯಿಸಿ ನೀರಿಗೆ ಅದ್ದಿದಾಗ ಬಾಯಿ ಗಡುಸಾಗುತ್ತದೆ, ಬೆನ್ನು ಮೆತ್ತಗೇ ಉಳಿಯುತ್ತದೆ. ಎರಡೂ ಸೇರುವಲ್ಲಿ ಹುಟ್ಟುವ ಗೆರೆ ಇದು. ಕತ್ತಿಯ ಬಾಗು ಬರುವುದೂ ಬಹುಪಾಲು ಆ ಗಳಿಗೆಯಲ್ಲೇ. ಇದರ ಮೇಲೆ ಚಿನ್ನದ ನೀರು ಹಾಯಿಸಿದರೆ ನೋಡಲಿಕ್ಕೆ ಇರುವುದನ್ನೇ ಮುಚ್ಚಿದ ಹಾಗೆ. ಅಲಗಿಗೆ ಚಿನ್ನ ಹಾಕದಿರುವುದು ಮಡಿವಂತಿಕೆಯಲ್ಲ ಎಂದು ನನಗೆ ಅಲ್ಲಿ ಕುಕ್ಕರುಗಾಲಲ್ಲಿ ಕುಳಿತಾಗ ಅರ್ಥವಾಯಿತು.

ಹಾಗಂತ ಅಲಗಿನ ಉಕ್ಕನ್ನು ಚಿನ್ನ ಮುಟ್ಟುವುದೇ ಇಲ್ಲವೆಂದಲ್ಲ. ಹಿಡಿಯೊಳಗೆ ಅಡಗಿರುವ ಬಾಲದ ಭಾಗದಲ್ಲಿ ಕೆಲವು ಕತ್ತಿಗಳಿಗೆ ಚಿನ್ನದ ಅಕ್ಷರ ಕೂರಿಸಿದ್ದಾರೆ. ಕೆಲವು ಕಡೆ ಅದು ಕತ್ತಿ ಯಾರು ಮಾಡಿದ್ದು ಎಂದು ಪರೀಕ್ಷಕರು ಕೊಟ್ಟ ತೀರ್ಪು. ಇನ್ನು ಕೆಲವು ಓದಿದರೆ ಮೈ ಜುಮ್ಮೆನ್ನುತ್ತದೆ. ಹದಿನೇಳನೇ ಶತಮಾನದಲ್ಲಿ ಮರಣದಂಡನೆಯಾದವರ ಹೆಣಗಳ ಮೇಲೆ ಕತ್ತಿ ಪ್ರಯೋಗಿಸಿ, ಒಂದೇ ಏಟಿಗೆ ಇಷ್ಟು ದೇಹ ತುಂಡಾಯಿತು ಎಂದು ಬರೆಸುತ್ತಿದ್ದರು. ಯಮಾನೊ ಮನೆತನದವರು ಇದನ್ನೇ ಕಸುಬು ಮಾಡಿಕೊಂಡಿದ್ದರು. ಇಡೀ ಕತ್ತಿಯಲ್ಲಿ ಅಲಂಕಾರಕ್ಕಲ್ಲದ ಚಿನ್ನ ಎಂದರೆ ಇದು, ಮತ್ತು ಅದು ಹೊರಗೆ ಕಾಣುವುದೇ ಇಲ್ಲ.

ಶಿಂಕಾನ್ಸೆನ್ ಬುಲೆಟ್ ರೈಲು ಹಿಡಿದು ನಗೊಯಾ, ಅಲ್ಲೊಂದು ರಾತ್ರಿ ಅಕ್ಕನ ಕೈಯ ಸಾರು. ಮರುದಿನ ಬೆಳಗ್ಗೆ ಗಿಫು ದಾಟಿ ಮಿನೊ-ಓತಾ ಸ್ಟೇಷನ್ನಿನಲ್ಲಿ ಇಳಿದು ನಗರಾಗಾವಾ ರೈಲು ಹತ್ತಿದೆವು. ರೈಲು ಎಂದರೆ ಒಂದೇ ಬೋಗಿ, ಡೀಸೆಲ್ಲಿನದು. ಗದ್ದೆ, ಮನೆಗಳ ಹಿತ್ತಿಲು, ಒಣಹಾಕಿದ ಬಟ್ಟೆ, ಹಿಂದೆ ಗುಡ್ಡ. ಸುಮಾರು ಅರ್ಧ ಗಂಟೆಯಲ್ಲಿ ಸೆಕಿ.

ಜಪಾನಿಗರು ಮನೆಯಲ್ಲಿ ಬಳಸುವ ಚಾಕು, ಕತ್ತರಿ, ರೇಜರು, ಉಗುರುಕತ್ತರಿಗಳಲ್ಲಿ ಎಷ್ಟೋ ಈ ಊರಿನವು. ಜರ್ಮನಿಯ ಜೋಲಿಂಗೆನ್, ಇಂಗ್ಲೆಂಡಿನ ಶೆಫೀಲ್ಡ್ ಜತೆಗೆ ಸೆಕಿಯ ಹೆಸರನ್ನೂ ಸೇರಿಸಿ ಹೇಳುವುದು ಇಲ್ಲಿನವರಿಗೆ ಹೆಮ್ಮೆ. ಕತ್ತಿ ಮಾಡುವುದು ಎಂಟುನೂರು ವರ್ಷಗಳ ಕಸುಬು ಎನ್ನುತ್ತಾರೆ. ಮಾಗೊರೊಕು ಎಂದೇ ಜನ ಕರೆಯುವ ಕನೆಮೊತೊ ಇಲ್ಲಿಯ ದೊಡ್ಡ ಹೆಸರು; ಅವನ ಹಾಮೊನ್ ಮೂರು ಮೂರು ದೇವದಾರು ಮರಗಳು ಸಾಲಾಗಿ ನಿಂತಂತೆ ಏರಿಳಿಯುತ್ತದೆ.

ಕತ್ತಿ ಕಮ್ಮಾರಿಕೆಯ ವಸ್ತುಸಂಗ್ರಹಾಲಯದಲ್ಲಿ ವರ್ಷದ ಕೆಲವು ದಿನ ಕುಲುಮೆ ಉರಿಸಿ ತೋರಿಸುತ್ತಾರೆ. ಭಾವ ಮೊದಲೇ ದಿನ ನೋಡಿಟ್ಟಿದ್ದರು. ಬಿಳಿ ಉಡುಪು, ತಲೆಗೆ ಕರಿ ಟೋಪಿ ತೊಟ್ಟ ಕಮ್ಮಾರರು. ಮೇಸ್ತ್ರಿ ಕುಲುಮೆಯ ಪಕ್ಕ ಕೂತು ಎಡಗೈಯಲ್ಲಿ ತಿದಿ ಎಳೆದು ನೂಕುತ್ತಾನೆ. ಉಕ್ಕಿನ ಗಟ್ಟಿಯನ್ನು ಭತ್ತದ ಹುಲ್ಲಿನ ಬೂದಿಯಲ್ಲಿ ಹೊರಳಿಸಿ, ಕೆಸರುಮಣ್ಣಿನ ನೀರು ಸುರಿದು, ಇದ್ದಿಲಿನ ಒಳಗೆ ತಳ್ಳುತ್ತಾನೆ. ಹೊರಗೆ ತೆಗೆದಾಗ ಅದು ಕಿತ್ತಳೆ ದಾಟಿ ಹಳದಿಗೆ ತಿರುಗಿರುತ್ತದೆ. ಅಡಿಗಲ್ಲಿಗೆ ನೀರು ಚಿಮುಕಿಸಿ ಮೊದಲ ಸಮ್ಮಟಿಗೆ ಏಟು ಬಿದ್ದದ್ದೇ ತಡ, ಢಂ ಎಂದು ಗುಂಡು ಹಾರಿದ ಸದ್ದು. ಮುಂದಿನ ಸಾಲಿನ ಮಕ್ಕಳು ಕಿರುಚಿ ಹಿಂದಕ್ಕೆ ಬಿದ್ದವು. ನೀರು ಒಮ್ಮೆಲೇ ಆವಿಯಾಗಿ ಉಕ್ಕಿನ ಮೇಲಿನ ಕಿಟ್ಟವನ್ನು ಕಿತ್ತೆಸೆಯುತ್ತದೆ, ಸದ್ದು ಅದರದ್ದು. ಆಮೇಲೆ ಮೇಸ್ತ್ರಿಯ ಸಣ್ಣ ಸುತ್ತಿಗೆ ಎಲ್ಲಿ ತಟ್ಟುತ್ತದೋ ಅಲ್ಲಿಗೆ ಎದುರಿನವರ ಸಮ್ಮಟಿಗೆ ಬೀಳುತ್ತದೆ, ಮಾತಿಲ್ಲ. ಉದ್ದವಾದ ಗಟ್ಟಿಗೆ ನಡುವೆ ಉಳಿ ಇಟ್ಟು, ಮಡಚಿ, ಮತ್ತೆ ಕುಲುಮೆಗೆ.

ಈ ಉಕ್ಕೂ ಅಂಗಡಿಯಲ್ಲಿ ಸಿಗುವುದಲ್ಲ. ಶಿಮಾನೆ ಪ್ರಾಂತ್ಯದ ಒಕು-ಇಜುಮೊದಲ್ಲಿ ಕತ್ತಿ ಸಂರಕ್ಷಣೆಯ ಸಂಘ 1977ರಲ್ಲಿ ಮತ್ತೆ ಹೊತ್ತಿಸಿದ ಮಣ್ಣಿನ ಕುಲುಮೆಯಿಂದ ಬರುತ್ತದೆ. ಚಳಿಗಾಲದಲ್ಲಿ ಮಾತ್ರ ಕೆಲಸ. ಕಬ್ಬಿಣದ ಮರಳು, ಇದ್ದಿಲು ಸುರಿಯುತ್ತ ಮೂರು ಹಗಲು ಮೂರು ರಾತ್ರಿ ಕಾಯಬೇಕು. ಕತ್ತಿ ಮಾಡಲು ಪರವಾನಗಿ ಬೇಕೆಂದರೆ ಗುರುವಿನ ಬಳಿ ಕನಿಷ್ಠ ಐದು ವರ್ಷ ದುಡಿಯಬೇಕು. ಸಿಕ್ಕಮೇಲೂ ತಿಂಗಳಿಗೆ ಉದ್ದನೆಯ ಕತ್ತಿ ಎರಡಕ್ಕಿಂತ ಹೆಚ್ಚು ಮಾಡುವಂತಿಲ್ಲ. ಬೆಲೆ ಕೇಳಿದ ಭಾವ ನಕ್ಕು ಸುಮ್ಮನಾದರು.

ಕುಲುಮೆಯ ಸುತ್ತ ಅಷ್ಟು ಜನ. ಪಕ್ಕದಲ್ಲಿ ಹಬಾಕಿ ಮಾಡುವವರ ಮುಂದೆ ನಾವಿಬ್ಬರೇ. ಹಬಾಕಿ ಎಂದರೆ ಅಲಗಿನ ಬುಡಕ್ಕೆ ತೊಡಿಸುವ ಪುಟ್ಟ ಲೋಹದ ಕವಚ. ಕತ್ತಿ ಒರೆಯಲ್ಲಿ ಬಿಗಿಯಾಗಿ ಕೂರುವುದು, ಅಲಗು ಒರೆಯ ಮರಕ್ಕೆ ತಾಗದಿರುವುದು ಇದರಿಂದಲೇ. ತಾಮ್ರದಲ್ಲಿ ಮಾಡಿ, ಮೇಲೆ ಚಿನ್ನದ ತಗಡು ಹೊದಿಸುತ್ತಾರೆ. ಆತ ಅರದಿಂದ ಎರಡು ಎಳೆ ಉಜ್ಜುವುದು, ಅಲಗಿಗೆ ತೊಡಿಸಿ ಬೆಳಕಿಗೆ ಹಿಡಿಯುವುದು, ಸಂದಿಯಲ್ಲಿ ಬೆಳಕು ಕಂಡರೆ ತೆಗೆದು ಮತ್ತೆ ಎರಡು ಎಳೆ. ಚಿನ್ನದ ಅಷ್ಟು ಕಿರಿದಾದ ಪಟ್ಟಿಯ ಪಕ್ಕದಲ್ಲಿ ಉಕ್ಕು ಹೇಗೆ ಕಾಣುತ್ತದೆ ಎಂಬುದನ್ನು ನೋಡಿಯೇ ತಿಳಿಯಬೇಕು. ನನ್ನನ್ನು ಕೇಳಿದರೆ ಕತ್ತಿಗೆ ಅಷ್ಟು ಚಿನ್ನ ಸಾಕು.

ಭಾವನನ್ನು ಕೇಳಿದರೆ ಸಾಲದು. ಮಧ್ಯಾಹ್ನ ಅವರು ಇಲ್ಲಿನ ಪ್ರಸಿದ್ಧ ಹಾವುಮೀನಿನ ಊಟ ಮುಗಿಸಿ, ನಾನು ಅನ್ನದುಂಡೆ, ಉಪ್ಪಿನಕಾಯಲ್ಲಿ ಹೊಟ್ಟೆ ತುಂಬಿಸಿಕೊಂಡು ಒಂದು ಅಂಗಡಿ ಹೊಕ್ಕೆವು. ಗೋಡೆಯ ತುಂಬ ಅಲಂಕಾರದ ಕತ್ತಿಗಳು. ಕರಿ ಒರೆ, ಕೆಂಪು ಒರೆ, ಮೇಲಿನ ಸಾಲಿನಲ್ಲಿ ಅದು: ಒರೆಯೂ ಚಿನ್ನ, ಕೈತಡೆಯೂ ಚಿನ್ನ, ಎಳೆದರೆ ಅಲಗೂ ಚಿನ್ನ. ಅಂಗಡಿಯ ಹೆಂಗಸು ಮುಚ್ಚುಮರೆ ಮಾಡಲಿಲ್ಲ. ಗಲ್ಲಾಪೆಟ್ಟಿಗೆಯ ಪಕ್ಕದಿಂದ ಒಂದು ಅಯಸ್ಕಾಂತ ತಂದು ಅಲಗಿಗೆ ಇಟ್ಟರು. ಅದು ಜಾರಿ ಅವರ ಅಂಗೈಗೆ ಬಿತ್ತು. “ಕಬ್ಬಿಣವಲ್ಲ, ಸತುವಿನ ಮಿಶ್ರಲೋಹ, ಎರಕ ಹೊಯ್ದದ್ದು. ಹರಿತ ಮಾಡಿದರೂ ಬಾಯಿ ನಿಲ್ಲುವುದಿಲ್ಲ” ಎಂದರಂತೆ, ಭಾವ ಕನ್ನಡಕ್ಕೆ ತಿರುಗಿಸಿ ಹೇಳಿದರು. ಸತು ಎಂದದ್ದಕ್ಕೆ ನನಗೆ ಬೀದರಿನ ಹೂಜಿ ನೆನಪಾಯಿತು: ಬಿದರಿ ಕೆಲಸದ ಮೈಯೂ ಬಹುಪಾಲು ಸತುವೇ, ಬೆಳ್ಳಿ ಕೂರುವುದು ಅದರ ಮೇಲೆ. ಆದ್ದರಿಂದ ಸತುವಿನ ಬಗ್ಗೆ ಹಗುರವಾಗಿ ಮಾತಾಡುವ ಹಕ್ಕು ನಮಗಂತೂ ಇಲ್ಲ.

ಇಲ್ಲಿನ ಕಾನೂನು ಈ ವಿಷಯದಲ್ಲಿ ಕಟ್ಟುನಿಟ್ಟು. 1958ರ ಬಂದೂಕು ಮತ್ತು ಕತ್ತಿ ನಿಯಂತ್ರಣ ಕಾಯ್ದೆಯ ಪ್ರಕಾರ ನಿಜವಾದ ಕತ್ತಿಗೆ ನೋಂದಣಿ ಪತ್ರ ಇರಲೇಬೇಕು; ಪತ್ರ ಕತ್ತಿಯ ಜತೆಗೇ ಕೈ ಬದಲಾಗುತ್ತದೆ. ದೇಶದ ಹೊರಗೆ ಒಯ್ಯಲು ಸಾಂಸ್ಕೃತಿಕ ಇಲಾಖೆಯ ಪ್ರಮಾಣಪತ್ರ ಬೇಕು. ಅಲಂಕಾರದ ಕತ್ತಿಗೆ ಈ ತಾಪತ್ರಯವಿಲ್ಲ, ಆದರೆ ಕಾರಣವಿಲ್ಲದೆ ಅದನ್ನು ಹಿಡಿದು ಬೀದಿಯಲ್ಲಿ ತಿರುಗುವುದು ಅಪರಾಧ.

“ಅಲಗು ಬಿಳಿ ಇರೋದು ತಗೊಳ್ಳಿ ಭಾವ, ನೋಡೋಕೆ ಗಂಭೀರವಾಗಿರುತ್ತೆ.”

“ನನ್ನ ಗೋಡೆ ಕಣಪ್ಪ, ಗಂಭೀರ ಯಾಕಿರಬೇಕು?”

20,000 ಯೆನ್ನಿಗಿಂತ ತುಸು ಮೇಲಾಯಿತು. ಮನೆಗೆ ಕೊರಿಯರ್ ಮಾಡಲು ಹೇಳಿ ಕೈಬೀಸಿಕೊಂಡು ಹೊರಬಂದೆವು.

ವಸ್ತುಸಂಗ್ರಹಾಲಯದ ಹತ್ತಿರವೇ ಒಂದು ಕಸುಗಾ ದೇವಾಲಯವಿದೆ. ಸೆಕಿಯ ಕಮ್ಮಾರರ ಕುಲದೇವರು ಎನ್ನಬಹುದು. ಮೂಲ ಸ್ಥಾನ ನಾರಾದ ಕಸುಗಾ ತಾಯ್ಶಾ. ಆ ಮೂಲ ಗುಡಿಯ ಭಂಡಾರದಲ್ಲೊಂದು ಚಿನ್ನದ ಕತ್ತಿ ಇದೆ, ಆಗ ಅದನ್ನು ಹೊರಗಿಟ್ಟಿದ್ದರು. ಬಿಡುವುದುಂಟೇ?

ನಾರಾದ ಜಿಂಕೆಗಳ ಬಗ್ಗೆ ಎಲ್ಲರೂ ಬರೆದಿದ್ದಾರೆ. ನನ್ನ ಕೈಲಿದ್ದ ನಕ್ಷೆಯ ಅರ್ಧವನ್ನು ಒಂದು ತಿಂದುಹಾಕಿತು ಎಂಬಲ್ಲಿಗೆ ಮುಗಿಸುತ್ತೇನೆ. ಕಲ್ಲಿನ ದೀಪಸ್ತಂಭಗಳ ನಡುವೆ ನಡೆದು ಭಂಡಾರದ ಕಟ್ಟಡಕ್ಕೆ ಹೋದೆವು. ಹನ್ನೆರಡನೇ ಶತಮಾನದ ಕತ್ತಿ. ಒರೆಯ ಮೇಲೆಲ್ಲ ಚಿನ್ನದ ಪುಡಿ ಒತ್ತಾಗಿ ಹಾಸಿ, ಅದರಲ್ಲಿ ಚಿಪ್ಪು ಕತ್ತರಿಸಿ ಕೂರಿಸಿದ್ದಾರೆ. ಚಿತ್ರ ಯುದ್ಧದ್ದಲ್ಲ, ದೇವರದ್ದೂ ಅಲ್ಲ: ಬಿದಿರುಮೆಳೆಯಲ್ಲಿ ಗುಬ್ಬಚ್ಚಿ ಹಿಡಿಯಲು ಓಡುವ ಬೆಕ್ಕುಗಳು! ಒಂದು ಹೊಂಚು ಹಾಕಿದೆ, ಮುಂದೆ ಒಂದು ಬೆನ್ನಟ್ಟಿದೆ, ಕೊನೆಗೆ ಗುಬ್ಬಚ್ಚಿ ಬಾಯಲ್ಲಿ. ಇತ್ತೀಚೆಗೆ ಎಕ್ಸ್‌-ರೇ ಹಾಯಿಸಿ ನೋಡಿದಾಗ ಹಿಡಿ ಮೊದಲಾದ ಕಡೆಯ ಲೋಹದ ಭಾಗಗಳು ಹೆಚ್ಚುಕಡಿಮೆ ಶುದ್ಧ ಚಿನ್ನ ಎಂದು ಗೊತ್ತಾಯಿತು. ಕಾದಾಡಲಿಕ್ಕೆ ಮಾಡಿದ್ದಲ್ಲ. ಅಂದಿನ ಆಸ್ಥಾನದಲ್ಲಿ ಸಮಾರಂಭಕ್ಕೆಂದೇ ಅಲಂಕಾರದ ಕತ್ತಿಗಳಿದ್ದವು. ಸೊಂಟಕ್ಕೆ ಕಟ್ಟಿ ನಾಲ್ಕು ಜನರಿಗೆ ಕಾಣುವುದೇ ಅವುಗಳ ಕೆಲಸ. ಶೋಕೇಸಿನ ಕತ್ತಿಗೆ ಇಷ್ಟು ಹಳೆಯ ವಂಶಾವಳಿ ಇದೆಯೆಂದು ಸೆಕಿಯ ಅಂಗಡಿಯಲ್ಲೇ ತಿಳಿದಿದ್ದರೆ ನಾನು ಭಾವನ ಜತೆ ಅಷ್ಟು ವಾದ ಮಾಡುತ್ತಿರಲಿಲ್ಲ.

ಇದನ್ನು ಅರ್ಪಿಸಿದವನು ಫುಜಿವಾರಾ ನೊ ಯೊರಿನಾಗಾ ಇರಬೇಕೆಂದು ಪಂಡಿತರ ಊಹೆ. ಭಾರಿ ಓದಾಳಿ, ಅಷ್ಟೇ ಒರಟ, ದೊಡ್ಡ ಮಂತ್ರಿ. ಅವನು ಬರೆದಿಟ್ಟ ದಿನಚರಿ ಉಳಿದಿದೆ. ಚಿಕ್ಕಂದಿನಲ್ಲಿ ಸಾಕಿದ ಬೆಕ್ಕಿಗೆ ಕಾಯಿಲೆಯಾದಾಗ ಅದು ಉಳಿಯಲೆಂದು ಬೇಡಿಕೊಂಡದ್ದು, ಮುಂದೆ ಅದು ಸತ್ತಾಗ ಬಟ್ಟೆ ಸುತ್ತಿ ಪೆಟ್ಟಿಗೆಯಲ್ಲಿಟ್ಟು ಹೂತದ್ದು ಎಲ್ಲ ಅದರಲ್ಲಿದೆ. 1156ರ ಹೊಗೆನ್ ಕಾಳಗದಲ್ಲಿ ಸೋತ ಪಕ್ಷದಲ್ಲಿದ್ದ ಅವನಿಗೆ ಬಾಣ ತಗುಲಿತು. ತಪ್ಪಿಸಿಕೊಂಡು ಇದೇ ನಾರಾಕ್ಕೆ ಬಂದ, ತಂದೆ ಮುಖ ನೋಡಲು ಒಪ್ಪಲಿಲ್ಲ, ಇಲ್ಲೇ ಸತ್ತ.

ನಾನು ಇದನ್ನು ಹೇಳುತ್ತಿದ್ದರೆ ಭಾವನ ಕಣ್ಣು ಒರೆಯ ಮೇಲೇ ಇತ್ತು. ಹೊರಗೆ ಬಂದವರೇ ಸೆಕಿಯ ಅಂಗಡಿಗೆ ಫೋನು ಹಚ್ಚಿದರು. ಬಹಳ ಹೊತ್ತು ಮಾತಾಡಿ, ಫೋನಿಗೇ ಎರಡು ಸಲ ತಲೆಬಾಗಿಸಿ ನಮಸ್ಕಾರ ಮಾಡಿ ಇಟ್ಟರು.

“ಬೆಕ್ಕಿರೋದು ಇಲ್ವಂತೆ. ಹುಲಿ ಇದೆಯಂತೆ.”