ಎಂಟು ದಿನ, ಮೂರು ಬಂಡೆ, ಒಂದು ಹಳೇ ಲೈನು

ಸ್ಯಾನ್ ಡಿಯಾಗೋದಿಂದ ಎಂಟು ಹತ್ತು ದಿನದ ಮೀನು ಬೋಟಿಗೆ ಹೋಗುವ ಆಸೆ ಇದೆಯಾ? ಹಾಗಿದ್ದರೆ ಮೊದಲ ಮಾತು: ಗಾಳಕ್ಕೆ ಅಂತ ಹೊಸ ರಾಡು, ರೀಲು ಕೊಳ್ಳೋಕೆ ಹೋಗಬೇಡಿ. ಇರುವುದನ್ನು ರಿಪೇರಿ ಮಾಡಿಸಿ, ಇಲ್ಲದ್ದನ್ನು ಬಾಡಿಗೆಗೆ ತಗೊಳ್ಳಿ. ನಾನು ಎರಡು ತಿಂಗಳು ತಲೆ ಕೆಡಿಸಿಕೊಂಡು ದುಬಾರಿ ರೀಲು ಕೊಂಡೆ. ಅದಕ್ಕೆ ಸುತ್ತಿದ್ದು ಮಾತ್ರ ಗ್ಯಾರೇಜಿನ ಕಿಟಕಿ ಪಕ್ಕ ಮೂರು ವರ್ಷ ಬಿಸಿಲು ತಿಂದ ಹಳೇ ಲೈನು, ಅಂದರೆ ಗಾಳದ ದಾರ. ನನಗೆ ಸಿಕ್ಕ ಅತಿ ದೊಡ್ಡ ಮೀನು ಅದರಲ್ಲೇ ಹೋಯಿತು. ಆ ಕತೆಗೆ ಆಮೇಲೆ ಬರುತ್ತೇನೆ.

ನಾನು ಮಲ್ಪೆ ಕಡೆಯವನು. ನಮಗೆ ಮೀನು ಅಂದರೆ ಬಲೆ. ಗಾಳ ಅಂದರೆ ರಜೆಯಲ್ಲಿ ಹೊಳೆ ಬದಿ ಕೂತು ಹೊತ್ತು ಕಳೆಯುವ ಕೆಲಸ. ಗಾಳ ಹಾಕೋದಕ್ಕೆ ಸಾವಿರಾರು ಡಾಲರ್ ಕೊಟ್ಟು ಎಂಟು ದಿನ ಸಮುದ್ರಕ್ಕೆ ಹೋಗುತ್ತೇನೆ ಅಂತ ಅಪ್ಪನಿಗೆ ಫೋನಿನಲ್ಲಿ ಹೇಳಿದೆ. "ಹಿಡಿದದ್ದನ್ನು ಮಾರಬಹುದಾ?" ಅಂತ ಕೇಳಿದರು. ಇಲ್ಲ ಅಪ್ಪ, ಹೀಗೆ ಹಿಡಿದದ್ದನ್ನು ಮಾರುವ ಹಾಗಿಲ್ಲ ಅಂದೆ. "ಹಾಗಾದ್ರೆ ಲಾಭ ಬೋಟಿನವನಿಗೆ. ನಿನಗೆಂತದು ಮಾರಾಯ?" ಅಂದರು. ಅದಕ್ಕೆ ಇವತ್ತಿಗೂ ನನ್ನ ಹತ್ತಿರ ಉತ್ತರ ಇಲ್ಲ.

ಈ ಬೋಟುಗಳು ಹೊರಡುವುದು ಸ್ಯಾನ್ ಡಿಯಾಗೋದ ಪಾಯಿಂಟ್ ಲೋಮಾದಿಂದ. ಒಂದು ಕಾಲಕ್ಕೆ ಈ ಊರು ಅಮೆರಿಕದ ಟ್ಯೂನಾ ರಾಜಧಾನಿ. ಶೆಲ್ಟರ್ ಐಲ್ಯಾಂಡ್ ಬದಿಯಲ್ಲಿ ಟ್ಯೂನಾ ಮೀನುಗಾರರ ಕಂಚಿನ ಸ್ಮಾರಕ ಇದೆ. ಮೂವರು ಬಿದಿರಿನ ಗಳಗಳಲ್ಲಿ ಸೇರಿ ಒಂದೇ ಮೀನು ಎತ್ತುತ್ತಿದ್ದಾರೆ. ಬೋಟ್ ಹತ್ತುವ ಹಿಂದಿನ ಸಂಜೆ ಬಿಡುವಿದ್ದರೆ ನೋಡಿ ಬನ್ನಿ. ಆ ಕಸುಬು ಇಳಿದ ಮೇಲೂ ಗಾಳ ಹಾಕುವವರನ್ನು ಮೆಕ್ಸಿಕೋದ ದೂರದ ನೀರಿಗೆ ಕರೆದೊಯ್ಯುವ ಪದ್ಧತಿ ಬೆಳೆಯಿತು. ಅದಕ್ಕೆ ಹಾದಿ ಹಾಕಿದವರಲ್ಲಿ ಬಿಲ್ ಪೂಲ್ ಅನ್ನುವ ಕ್ಯಾಪ್ಟನ್ ಹೆಸರನ್ನು ಎಲ್ಲರೂ ಮೊದಲು ಹೇಳುತ್ತಾರೆ. ಇದಕ್ಕೆ 'ಲಾಂಗ್ ರೇಂಜ್' ಅಂತ ಹೆಸರು.

ಎಷ್ಟು ದಿನದ ಟ್ರಿಪ್ ಅನ್ನೋದೇ ಮೊದಲ ಪ್ರಶ್ನೆ. ಮೂರು ದಿನದ್ದೂ ಇದೆ, ಹದಿನಾರು ದಿನದ್ದೂ ಇದೆ. ಲೆಕ್ಕ ಸುಲಭ. ಬೋಟ್ ಗಂಟೆಗೆ ಸುಮಾರು 10 ನಾಟಿಕಲ್ ಮೈಲಿ ಹೋಗುತ್ತದೆ. ಮೆಕ್ಸಿಕೋದ ಸೆಡ್ರೋಸ್ ದ್ವೀಪ ಸುಮಾರು 300 ಮೈಲಿ, ಅಂದರೆ ಒಂದು ಹಗಲು, ಒಂದು ರಾತ್ರಿ, ಮೇಲೆ ಸ್ವಲ್ಪ. ನಾವು ಹೋದ ಅಲಿಹೋಸ್ ಬಂಡೆಗಳಿಗೆ ಪೂರಾ ಎರಡು ಹಗಲು, ಎರಡು ರಾತ್ರಿ. ಬರುವಾಗಲೂ ಅಷ್ಟೇ. ಎಂಟು ದಿನದಲ್ಲಿ ಗಾಳ ನೀರಿನಲ್ಲಿ ಇರುವುದು ನಾಲ್ಕೇ ದಿನ. ಮೊದಲ ಸಲ ಹೋಗುವವರಿಗೆ ಐದು ದಿನದ್ದು ಸಾಕು. ಹಳೇ ವಿಡಿಯೋ ನೋಡಿ ಹದಿನಾರು ದಿನದ್ದಕ್ಕೆ ದುಡ್ಡು ಕಟ್ಟಬೇಡಿ. ಆ ವಿಡಿಯೋಗಳಲ್ಲಿ ಕಾಣುವ ಮೆಕ್ಸಿಕೋದ ರೆವಿಯಾಹಿಹೆದೋ ದ್ವೀಪಗಳ ಸುತ್ತ 2017ರಲ್ಲಿ ರಾಷ್ಟ್ರೀಯ ಉದ್ಯಾನ ಆಯಿತು. ಈಗ ಅಲ್ಲಿ ಮೀನು ಹಿಡಿಯುವಂತಿಲ್ಲ.

ಟಿಕೆಟ್ ಎರಡು ಥರ. ಒಂದು, ಒಬ್ಬೊಬ್ಬರೇ ಸೀಟು ಕೊಳ್ಳೋದು. ಇನ್ನೊಂದು ಚಾರ್ಟರ್: ಯಾರೋ ಒಬ್ಬ ಹಳಬ ಇಡೀ ಬೋಟನ್ನು ಬುಕ್ ಮಾಡಿ ತನ್ನ ಗುಂಪು ಕಟ್ಟಿಕೊಳ್ಳುತ್ತಾನೆ. ಹೊಸಬರಿಗೆ ಚಾರ್ಟರೇ ಮೇಲು. ಗುಂಪಿನ ಯಜಮಾನ ಎರಡು ತಿಂಗಳ ಮುಂಚೆಯೇ ಏನೇನು ತರಬೇಕು ಅಂತ ಪಟ್ಟಿ ಕಳಿಸುತ್ತಾನೆ, ಗಂಟು ಹಾಕೋದು ಕಲಿಸುತ್ತಾನೆ. ಬೋಟಿನ ಚಂದಕ್ಕಿಂತ ತಲೆ ಎಷ್ಟು ಅಂತ ಕೇಳಿ. ನಾವು 24 ಜನ ಇದ್ದೆವು. ಇನ್ನು ನಾಲ್ಕು ಜನ ಜಾಸ್ತಿ ಇದ್ದಿದ್ದರೆ ಲೈನು ಬಿಡಿಸೋದರಲ್ಲೇ ದಿನ ಹೋಗುತ್ತಿತ್ತು.

ಮೆಕ್ಸಿಕೋ ನೀರಾದ್ದರಿಂದ ಪಾಸ್‌ಪೋರ್ಟ್ ಕಡ್ಡಾಯ. ಮೀನು ಹಿಡಿಯುವ ಪರವಾನಗಿ, ಕೆಲವು ದ್ವೀಪಗಳಿಗೆ ಬೇರೆ ಪರ್ಮಿಟ್ ಬೇಕು. ಇವೆಲ್ಲ ಟಿಕೆಟ್ಟಿನಲ್ಲೇ ಸೇರಿದೆಯೋ, ಮೇಲೆ ಕಟ್ಟಬೇಕೋ ಕೇಳಿಕೊಳ್ಳಿ. ಎಚ್‌1ಬಿ ವೀಸಾದಲ್ಲಿ ಇರುವವರು ದುಡ್ಡು ಕಟ್ಟುವ ಮುಂಚೆಯೇ ಬೋಟ್ ಆಫೀಸಿನಲ್ಲೂ ನಿಮ್ಮ ವಕೀಲರ ಹತ್ತಿರವೂ ವಾಪಸ್ ಬರುವ ವಿಷಯ ಮಾತಾಡಿ. ಸುಮ್ನೆ ಧೈರ್ಯ ಮಾಡಬೇಡಿ.

ಎಷ್ಟು ಹಿಡಿಯಬಹುದು ಅನ್ನೋದಕ್ಕೂ ಮೆಕ್ಸಿಕೋದ ಮಿತಿ ಇದೆ. ದಿನಕ್ಕೆ ಒಬ್ಬರಿಗೆ ಹತ್ತು ಮೀನು, ಒಂದೇ ಜಾತಿಯದ್ದು ಐದಕ್ಕಿಂತ ಜಾಸ್ತಿ ಇಲ್ಲ. ಡೊರಾಡೋ, ಅಂದರೆ ಮಾಹಿ ಮಾಹಿ ಮೀನು, ಎರಡೇ. ಟ್ರಿಪ್ ಎಷ್ಟೇ ಉದ್ದ ಇರಲಿ, ಮನೆಗೆ ತರುವುದು ಮೂರು ದಿನದ ಲೆಕ್ಕದಷ್ಟು ಮಾತ್ರ. ಬ್ಲೂಫಿನ್ ಟ್ಯೂನಾಕ್ಕೆ ಅಮೆರಿಕದ್ದೇ ಬೇರೆ ನಿಯಮ: ದಿನಕ್ಕೆ ಎರಡು, ಇಡೀ ಟ್ರಿಪ್ಪಿಗೆ ಆರು. ಕಡಿಮೆ ಅನ್ನಿಸುತ್ತಾ? ನಿಮ್ಮ ಫ್ರೀಜರ್ ಬಾಗಿಲು ತೆಗೆದು ಒಮ್ಮೆ ನೋಡಿ.

ವಾಂತಿ ವಿಷಯದಲ್ಲಿ ಜಂಬ ಬೇಡ. ನನ್ನ ಜೊತೆ ಬಂದಿದ್ದು ಭಾವ, ಅಕ್ಕನ ಗಂಡ. ಫ್ರೀಮಾಂಟಿನಲ್ಲಿದ್ದಾರೆ, ಊರು ಹಾಸನ. ಹಿಂದಿನ ರಾತ್ರಿ ಹೋಟೆಲಿನಲ್ಲಿ, "ಭಾವ, ಮಾತ್ರೆ ಈಗಲೇ ತಗೊಳ್ಳಿ, ತಲೆ ಸುತ್ತಿದ ಮೇಲೆ ತಗೊಂಡರೆ ಕೆಲಸ ಮಾಡಲ್ಲ" ಅಂದೆ. ತಗೊಂಡರು. ನಾನು ಕಡಲ ಮಗ ಅಂತ ತಗೊಳ್ಳಲಿಲ್ಲ. ಮೆಕ್ಸಿಕೋದ ಎಂಸೆನಾಡಾ ಊರು ದಾಟುವಷ್ಟರಲ್ಲಿ ನಾನು ಬಕೆಟ್ ಹಿಡಿದಿದ್ದೆ, ಹಾಸನದವರು ಪ್ಯಾನ್‌ಕೇಕ್ ತಿನ್ನುತ್ತಿದ್ದರು. ಕಿವಿ ಹಿಂದೆ ಅಂಟಿಸುವ ಪಟ್ಟಿಯೂ ಇದೆ, ಅದಕ್ಕೆ ಡಾಕ್ಟರ ಚೀಟಿ ಬೇಕು. ಮನೆಯಲ್ಲೇ ಒಂದು ದಿನ ಹಚ್ಚಿಕೊಂಡು ನೋಡಿ. ಕೆಲವರಿಗೆ ಬಾಯಿ ಒಣಗುತ್ತದೆ, ಕಣ್ಣು ಮಂಜಾಗುತ್ತದೆ.

ಇನ್ನೊಂದು ಮುಖ್ಯ ವಿಷಯ, ಯಾರೂ ಹೇಳೋದಿಲ್ಲ. ಎಷ್ಟೋ ಬೋಟುಗಳಲ್ಲಿ ಮಲಗುವ ಬಂಕುಗಳು ಡೆಕ್ಕಿನ ಕೆಳಗೆ ಇರುತ್ತವೆ. 2019ರ ಸೆಪ್ಟೆಂಬರಿನಲ್ಲಿ ಕ್ಯಾಲಿಫೋರ್ನಿಯಾದ ಸಾಂತಾ ಕ್ರೂಜ್ ದ್ವೀಪದ ಹತ್ತಿರ 'ಕನ್ಸೆಪ್ಷನ್' ಅನ್ನುವ ಡೈವಿಂಗ್ ಬೋಟಿಗೆ ರಾತ್ರಿ ಬೆಂಕಿ ಬಿದ್ದು, ಕೆಳಗೆ ಮಲಗಿದ್ದ 34 ಜನ ತೀರಿಕೊಂಡರು. ನೀವು ಬೋಟ್ ಹತ್ತಿದ ತಕ್ಷಣ ಬಂಕಿನಿಂದ ಹೊರಬರುವ ಎರಡೂ ದಾರಿ ನೋಡಿಕೊಳ್ಳಿ. ಕತ್ತಲಲ್ಲಿ ಕೈಯಿಂದ ತಡವಿ ಹೋಗೋಕಾಗುತ್ತಾ ಪರೀಕ್ಷೆ ಮಾಡಿ. ಫೋನು, ಪವರ್ ಬ್ಯಾಂಕು ಹಾಸಿಗೆ ಮೇಲೆ ಚಾರ್ಜಿಗೆ ಹಾಕಬೇಡಿ. ರಾತ್ರಿ ಕಾವಲಿಗೆ ಯಾರಿದ್ದಾರೆ ಅಂತ ಕೇಳೋದು ತಪ್ಪಲ್ಲ. ನಾನು ಕೇಳಿದೆ, ಕ್ಯಾಪ್ಟನ್ ಖುಷಿಯಿಂದಲೇ ಹೇಳಿದ.

ಬೋಟ್ ದಡ ಬಿಟ್ಟು ಮೊದಲು ನಿಲ್ಲುವುದು ಕೊಲ್ಲಿಯಲ್ಲೇ, ಜೀವಂತ ಮೀನು ತುಂಬಿಸೋಕೆ. ಏನು ಮೀನು ಗೊತ್ತಾ? ಸಾರ್ಡೀನ್. ನಮ್ಮ ಬೂತಾಯಿಯ ಅಣ್ಣ ತಮ್ಮ. ಊರಲ್ಲಿ ಬುಟ್ಟಿಗಟ್ಟಲೆ ಸುರಿದು ಹುಳಿ ಮೆಣಸಿನಲ್ಲಿ ಬೇಯಿಸುವ ಮೀನನ್ನು ಇಲ್ಲಿ ಹಸುಗೂಸಿನ ಹಾಗೆ ಸಾಕುತ್ತಾರೆ. ತೊಟ್ಟಿಗಳಲ್ಲಿ ಹಗಲು ರಾತ್ರಿ ಸಮುದ್ರದ ನೀರು ಹರಿಯುತ್ತಲೇ ಇರುತ್ತದೆ. ಸತ್ತದ್ದನ್ನು ಹುಡುಗರು ಆಗಾಗ ತೆಗೆಯುತ್ತಾರೆ. ಇಡೀ ಟ್ರಿಪ್ ನಿಂತಿರುವುದು ಇದರ ಮೇಲೆ. ಬಿಗಿಯಾಗಿ ಹಿಡಿದು, ಪೊರೆ ಉದುರಿಸಿ, ಗಾಳಕ್ಕೆ ಚುಚ್ಚಿ ಎಸೆದರೆ ಅದು ಎರಡು ಸುತ್ತು ಹೊಡೆದು ಮಲಗಿಬಿಡುತ್ತದೆ. ಟ್ಯೂನಾ ತಿರುಗಿ ನೋಡೋದಿಲ್ಲ. ತೊಟ್ಟಿಯಲ್ಲಿ ನಿಮ್ಮ ಕೈ ಕಂಡರೆ ಓಡುವಂಥದ್ದನ್ನೇ ಆರಿಸಿ, ಮೂಗಿಗೆ ಮೆಲ್ಲಗೆ ಗಾಳ ಚುಚ್ಚಿ, ಬಿಟ್ಟುಬಿಡಿ. ಅದು ಬೋಟಿನಿಂದ ದೂರ ಓಡಬೇಕು. ಓಡದಿದ್ದರೆ ತಕ್ಷಣ ಬದಲಾಯಿಸಿ. ಗಾಳ ಹಾಕೋಕೆ ಶುರುಮಾಡಿದ ಎರಡನೇ ದಿನದ ಹೊತ್ತಿಗೆ ನನಗೆ ಅರ್ಥವಾಗಿದ್ದು ಇಷ್ಟೇ: ಜಾಸ್ತಿ ಮೀನು ಹಿಡಿಯುವವರು ಜಾಸ್ತಿ ಸಲ ಬೂತಾಯಿ ಬದಲಾಯಿಸುವವರು.

ಅಲಿಹೋಸ್ ಅಂದರೆ ಮೆಕ್ಸಿಕೋದ ಬಾಹಾ ಕರಾವಳಿಯಿಂದ ಸುಮಾರು 300 ಕಿಲೋಮೀಟರ್ ಆಚೆ, ನಡುಗಡಲಲ್ಲಿ ಎದ್ದಿರುವ ಮೂರು ಬಂಡೆ. ಸತ್ತ ಜ್ವಾಲಾಮುಖಿಯ ತುದಿಗಳು. ದೊಡ್ಡದು 34 ಮೀಟರ್ ಎತ್ತರ. ಸುತ್ತ ಬೇರೇನೂ ಇಲ್ಲ. ನಮ್ಮ ಸೇಂಟ್ ಮೇರೀಸ್ ದ್ವೀಪದ ಕಂಬದ ಕಲ್ಲುಗಳನ್ನು ಯಾರೋ ಕಿತ್ತು ಸಮುದ್ರದ ನಡುವೆ ಎಸೆದ ಹಾಗೆ ಕಂಡವು.

ಬಂಡೆ ಹತ್ತಿರ ಬರುವ ಮೊದಲೇ ಹಿಂಭಾಗದಲ್ಲಿ ನಾಲ್ಕೈದು ಲೈನು ಎಳೆಯುತ್ತಾ ಹೋಗುತ್ತಾರೆ. ಅದಕ್ಕೆ ಪಾಳಿ ಇರುತ್ತದೆ, ಪಟ್ಟಿಯಲ್ಲಿ ನಿಮ್ಮ ನಂಬರ್ ನೋಡಿಕೊಳ್ಳಿ. ನಮ್ಮ ಪಾಳಿಯಲ್ಲೇ ಭಾವನಿಗೆ ವಾಹೂ ಬಿತ್ತು. ವಾಹೂ ಅಂಜಲ್ ಮೀನಿನ ಸಂಬಂಧಿಕ, ಉದ್ದ ಮೈ, ಬ್ಲೇಡಿನಂಥ ಹಲ್ಲು. ಅದಕ್ಕೇ ಗಾಳದ ಹತ್ತಿರ ತಂತಿ ಕಟ್ಟುತ್ತಾರೆ. ಡೆಕ್ಕಿಗೆ ಬಂದ ಮೇಲೆ ಅದರ ಬಾಯಿ ಹತ್ತಿರ ಕಾಲಿಡಬೇಡಿ, ಚಪ್ಪಲಿಯಲ್ಲಂತೂ ಬೇಡವೇ ಬೇಡ. ಮೀನು ಬೋಟಿನ ಪಕ್ಕ ಬಂದಾಗ ಗಾಳ ಕಳಚಿದರೆ ಅದು ಕಲ್ಲಿನ ಹಾಗೆ ಮುಖಕ್ಕೆ ಹಾರುತ್ತದೆ. ಕನ್ನಡಕ ಹಾಕಿಕೊಂಡೇ ಇರಿ.

ಈಗ ನನ್ನ ಕತೆ. ಹೊರಟ ದಿನವೇ ಕ್ರೂ ಹುಡುಗನೊಬ್ಬ ಎಲ್ಲರ ರೀಲು ನೋಡುತ್ತಾ ಬಂದ. ನನ್ನದರ ಲೈನನ್ನು ಉಗುರಿನಲ್ಲಿ ಗೀರಿ, "ಇದು ಯಾವಾಗ ಹಾಕಿಸಿದ್ದು?" ಅಂತ ಕೇಳಿದ. "ಈ ವರ್ಷ" ಅಂದೆ. ಯಾಕೆ ಸುಳ್ಳು ಹೇಳಿದೆನೋ. ಹೊಸ ರೀಲಿನ ಮುಂದೆ ಮರ್ಯಾದೆ ಹೋಗಬಾರದು ಅಂತ ಇರಬೇಕು.

ನಾಲ್ಕನೇ ದಿನ ಸಂಜೆ ಯೆಲ್ಲೋಫಿನ್ ಟ್ಯೂನಾ ಬಿತ್ತು. ಅರ್ಧ ರೀಲು ಖಾಲಿಯಾಗುವವರೆಗೆ ಅದು ನಿಲ್ಲಲೇ ಇಲ್ಲ. ಹೀಗಾದಾಗ ನಿಂತಲ್ಲೇ ನಿಲ್ಲಬಾರದು. ಲೈನು ಯಾವಾಗಲೂ ನಿಮ್ಮ ಎದೆಗೆ ನೇರ ಇರಬೇಕು, ಮೀನು ಹೋದ ಕಡೆ ನೀವೂ ಹೋಗಬೇಕು. ಪಕ್ಕದವರ ರಾಡಿನ ಮೇಲಿಂದ, ಕೆಳಗಿಂದ ನುಸುಳುತ್ತಾ ನಾನು ಬೋಟಿಗೆ ಎರಡು ಪ್ರದಕ್ಷಿಣೆ ಹಾಕಿದೆ. ಹಿಂದೆಯೇ ಆ ಹುಡುಗ. ಸುಸ್ತಾದಾಗ ರಾಡನ್ನು ಬದಿಯ ಕಟಕಟೆಗೆ ಒರಗಿಸಿ ಅಂತ ಅವನೇ ತೋರಿಸಿದ. ಸೊಂಟದ ಬಲದಲ್ಲಿ ಎಳೆದರೆ ಅರ್ಧ ಗಂಟೆಯಲ್ಲಿ ಮುಗಿದುಹೋಗುತ್ತೀರಿ. ಕೊನೆಗೆ ಮೀನು ಬೋಟಿನ ಕೆಳಗೆ ಸುತ್ತು ಹಾಕೋಕೆ ಶುರುವಾಯಿತು. ಪ್ರತಿ ಸುತ್ತಿಗೆ ಎರಡು ಮೊಳ ಮೇಲೆ. ನೀರಿನಲ್ಲಿ ಹೊಳಪು ಕಂಡಿತು. ಕೊಕ್ಕೆ ಹಿಡಿದು ಇಬ್ಬರು ಬಂದು ನಿಂತರು. ಆಗ ಟಪ್ ಅಂತ ಸದ್ದು.

ಹುಡುಗ ತುಂಡಾದ ತುದಿಯನ್ನು ಬೆರಳಲ್ಲಿ ಸವರಿ ನೋಡಿದ. ನನ್ನ ಮುಖ ನೋಡಿದ. ಒಂದೂ ಮಾತಾಡಲಿಲ್ಲ. ಒಳಗಿಂದ ಹೊಸ ಲೈನು ತಂದು ಹತ್ತು ನಿಮಿಷದಲ್ಲಿ ಸುತ್ತಿಕೊಟ್ಟ. ಮೀನು ನೂರು ಪೌಂಡಿಗೆ ಮೇಲೆ ಇತ್ತು ಅಂತ ಆಮೇಲೆ ಬೇರೆಯವರು ಹೇಳಿದರು. ಭಾವ ಎಲ್ಲವನ್ನೂ ಬಾಡಿಗೆಗೆ ತಂದಿದ್ದರು, ಅಂಗಡಿಯವರೇ ಹೊಸ ಲೈನು ಸುತ್ತಿ ಕೊಟ್ಟಿದ್ದರು. ಅವರದ್ದು ಒಂದು ಸಲವೂ ತುಂಡಾಗಲಿಲ್ಲ. ರಾತ್ರಿ ಬಂಕಿನಲ್ಲಿ, "ಮಾರಾಯ, ರೀಲಿಗೆ ಎಷ್ಟು ಕೊಟ್ಟಿದ್ದೆ ಅಂದೆ?" ಅಂತ ಕೇಳಿದರು. ನಾನು ನಿದ್ದೆ ಬಂದ ಹಾಗೆ ಮಲಗಿದೆ. ಲೈನನ್ನು ಹೊರಡುವ ವಾರವೇ ಹಾಕಿಸಿ. ಒಂದೇ ಗಂಟು ಕಲಿತರೂ ಕಣ್ಣು ಮುಚ್ಚಿ ಹಾಕುವಷ್ಟು ಕಲಿಯಿರಿ.

ಊಟಕ್ಕೆ ಏನೂ ಕೊರತೆ ಇಲ್ಲ, ಖಾರ ಒಂದು ಬಿಟ್ಟು. ಒಂದು ಡಬ್ಬಿ ಬ್ಯಾಡಗಿ ಮೆಣಸಿನ ಪುಡಿ, ಸ್ವಲ್ಪ ಹುಣಸೆ, ಅರಿಶಿನ ತಗೊಂಡು ಹೋಗಿ. ಯೆಲ್ಲೋಟೇಲ್ ಮೀನಿನ ಕಿವಿರಿನ ಹಿಂದಿನ ತುಂಡನ್ನು ಎಷ್ಟೋ ಜನ ಬಿಸಾಡುತ್ತಾರೆ. ಅಡುಗೆಯವನನ್ನು ಕೇಳಿಕೊಂಡು ಅದಕ್ಕೆ ಮಸಾಲೆ ಹಚ್ಚಿ ಕಾಯಿಸಿಕೊಟ್ಟೆ. ಮರುದಿನ ಬೆಳಿಗ್ಗೆ ಆರು ಜನ ತಟ್ಟೆ ಹಿಡಿದು ಬಂದರು. ಸಸ್ಯಾಹಾರಿಗಳು ಬುಕ್ ಮಾಡುವಾಗಲೇ ಹೇಳಿದರೆ ಪಾಸ್ತಾ, ಬೀನ್ಸ್, ಸಲಾಡ್ ಸಿಗುತ್ತದೆ. ಆದರೆ ಸುತ್ತಲಿನ ರಕ್ತ, ವಾಸನೆ ಅವರಿಗೆ ಕಷ್ಟ.

ದುಡ್ಡು: ನಮಗೆ ದಿನಕ್ಕೆ 450 ಡಾಲರ್ ಹತ್ತಿರ ಬಿತ್ತು. ಅದರ ಮೇಲೆ ಕ್ರೂಗೆ ಟಿಪ್ಸ್ ನೂರಕ್ಕೆ ಹತ್ತರಿಂದ ಹದಿನೈದು, ಇದನ್ನು ಮೊದಲೇ ತೆಗೆದಿಡಿ. ಆ ಹುಡುಗರು ಮಲಗುವುದು ನಮಗಿಂತ ಕಡಿಮೆ. ಅತಿ ದೊಡ್ಡ ಮೀನಿಗೆ ಎಲ್ಲರೂ ಹಣ ಹಾಕಿ ಜಾಕ್‌ಪಾಟ್ ಆಡುತ್ತಾರೆ, ಅದು ನಿಮ್ಮಿಷ್ಟ. ಹಿಡಿದ ಮೀನಿಗೆ ನಿಮ್ಮ ನಂಬರಿನ ಚೀಟಿ ಹೊಡೆದು, ರಕ್ತ ಹರಿಸಿ, ತಣ್ಣಗಿನ ಉಪ್ಪುನೀರಿನ ತೊಟ್ಟಿಗೆ ಇಳಿಸುತ್ತಾರೆ. ಸೊನ್ನೆ ಡಿಗ್ರಿಗಿಂತ ಸ್ವಲ್ಪ ಕೆಳಗೆ ಇರುವ ನೀರು, ಹಾಗಾಗಿ ವಾರವಾದರೂ ಕೆಡೋದಿಲ್ಲ. ದಡದಲ್ಲಿ ಕತ್ತರಿಸಿ ಪ್ಯಾಕ್ ಮಾಡುವವರು ಇರುತ್ತಾರೆ, ಪೌಂಡಿನ ಲೆಕ್ಕದಲ್ಲಿ ದುಡ್ಡು. ಅದನ್ನೂ ಬಜೆಟ್ಟಿಗೆ ಸೇರಿಸಿ, ನಾವು ಸೇರಿಸಿರಲಿಲ್ಲ.

ವಾಪಸ್ ಬರುವ ಎರಡು ದಿನಕ್ಕೆ ಬೋಟಿನವರು 'ಏರು ದಾರಿ' ಅನ್ನುತ್ತಾರೆ. ವಾಯವ್ಯದ ಗಾಳಿ, ಅಲೆ ಎರಡೂ ಎದುರಿಗೇ. ಮಾತ್ರೆಯಲ್ಲಿ ನಾಲ್ಕನ್ನು ಇದಕ್ಕೆ ಅಂತ ಉಳಿಸಿಕೊಳ್ಳಿ. ಬೋಟ್ ಬೆಳಿಗ್ಗೆ ದಡ ಸೇರಿದರೂ ಮೀನು ಇಳಿಸಿ, ನಂಬರ್ ಕೂಗಿ, ತೂಕ ಮಾಡುವಷ್ಟರಲ್ಲಿ ಹನ್ನೊಂದು ಗಂಟೆ. ಅವತ್ತು ಮಧ್ಯಾಹ್ನದ ವಿಮಾನ ಬುಕ್ ಮಾಡಬೇಡಿ, ದೂರದ ಡ್ರೈವಿಂಗೂ ಬೇಡ. ನೆಲ ಇನ್ನೂ ಎರಡು ದಿನ ತೂಗುತ್ತಲೇ ಇರುತ್ತದೆ. ಹೋಟೆಲಿನಲ್ಲಿ ಭಾವ ಸ್ನಾನಕ್ಕೆ ಹೋದವರು ಒಳಗಿಂದಲೇ ಕೂಗಿದರು, "ಈ ಬಾತ್‌ರೂಮಿಗೂ ಕಟಕಟೆ ಇಡಬಾರದಿತ್ತಾ ಮಾರಾಯ?"