ಪೆಟ್ಟಿಗೆಗೆ ಟಿಕೆಟ್

ಮೊದಲೇ ಹೇಳಿಬಿಡುತ್ತೇನೆ, ತೆಪ್ಪ ಹತ್ತುವಾಗ ಅಂಚಿನ ಮೇಲೆ ಕಾಲಿಡಬೇಡಿ. ಬುಟ್ಟಿಯ ಹಾಗೆ ದುಂಡಗಿರುವ ಅದು ಒಂದೇ ಕಡೆ ಭಾರ ಬಿದ್ದರೆ ವಾಲಿಬಿಡುತ್ತದೆ. ನೇರ ನಡುವಿಗೆ ಕಾಲಿಟ್ಟು ತಕ್ಷಣ ಕುಕ್ಕರಗಾಲಲ್ಲಿ ಕೂತುಬಿಡಬೇಕು. ನನಗೆ ಯಾರೂ ಹೇಳಲಿಲ್ಲ. ಸೊಂಟದವರೆಗೆ ಕಾವೇರಿ. ಜೇಬಿನಲ್ಲಿದ್ದ ಮೊಬೈಲ್ ಅಲ್ಲೇ ಸತ್ತಿತು. ಹಾಗಾಗಿ ಈ ಪ್ರವಾಸದ ಒಂದೂ ಫೋಟೋ ನನ್ನ ಹತ್ತಿರ ಇಲ್ಲ.

ಆಫೀಸಿನ ಹತ್ತು ಜನ ಮೈಸೂರಿನಿಂದ ಹೊರಟಿದ್ದೆವು. ತಲಕಾಡಿನ ಹತ್ತಿರ, ಹೊಳೆ ದಡದ ಮೀನುಗಾರರ ಕೇರಿಯೊಂದರಲ್ಲಿ ಕಂಬಳಿ, ನೋಟ್‌ಬುಕ್ ಹಂಚುವ ಕಾರ್ಯಕ್ರಮ. ತಿ. ನರಸೀಪುರದಲ್ಲಿ ಕಪಿಲೆ ಬಂದು ಕಾವೇರಿಗೆ ಸೇರುವುದನ್ನು ಸೇತುವೆಯಿಂದಲೇ ನೋಡಿದ್ದಾಯಿತು. ಅಲ್ಲೇ ಇಡ್ಲಿ ತಿಂದೆವು, ಸಾಂಬಾರು ಪಾಯಸದ ಹಾಗೆ ಸಿಹಿ. ತಲಕಾಡಿನ ಮರಳು, ಗುಡಿಗಳ ಬಗ್ಗೆ ಎಲ್ಲರೂ ಬರೆದಾಗಿದೆ, ನಾನು ಬಿಡುತ್ತೇನೆ.

ಹಂಚುವುದು ಅರ್ಧ ಗಂಟೆಯಲ್ಲಿ ಮುಗಿಯಿತು. ಆಮೇಲೆ ತೆಪ್ಪದಲ್ಲಿ ಒಂದು ಸುತ್ತು ಹೋಗೋಣ ಅಂತ ಹೊರಟಿದ್ದೇ ನಾನು ಬಿದ್ದೆ. ನೋಡುತ್ತಿದ್ದ ಒಬ್ಬ ಅಕ್ಕ ಕೈ ಹಿಡಿದು ಮನೆಗೆ ಕರೆದುಕೊಂಡು ಹೋದರು. ಉಡಲು ತಮ್ಮದೊಂದು ಸೀರೆ ಕೊಟ್ಟರು, ಮೊಬೈಲನ್ನು ಅಕ್ಕಿ ಡಬ್ಬಿಗೆ ಹಾಕಿದರು. ನಾನು ನಡುಗುವುದು ಕಂಡು ಟ್ರಂಕು ತೆಗೆದರು. ಒಳಗೆ ಏಳು ಕಂಬಳಿ. ಒಂದರ ಮೇಲೊಂದು, ಜಿಪ್ ಕವರಿನಿಂದ ಆಚೆ ಬಂದೇ ಇಲ್ಲ. ನಾವು ತಂದದ್ದು ಎಂಟನೆಯದು.

"ಇಷ್ಟೊಂದು ಕಂಬಳಿ ಇದ್ಯಲ್ಲಕ್ಕಾ?"

"ಬಂದೋರೆಲ್ಲಾ ಕಂಬಳಿನೇ ತತ್ತಾರೆ ಕನವ್ವ. ಬ್ಯಾಡ ಅನ್ನಕಾಯ್ತದಾ? ಕವರು ಚೆನ್ನಾಗದೆ, ಬಲೆ ದಾರನೂ ಅದ್ರೊಳಗೇ ಮಡಗ್ಕತೀವಿ."

ಹಾಗಾದರೆ ಏನು ಬೇಕಿತ್ತು ಅಂತ ಕೇಳಿದೆ. ಅಕ್ಕ ಯೋಚನೆ ಕೂಡ ಮಾಡಲಿಲ್ಲ.

"ಐಸ್ ಪೆಟ್ಟಿಗೆ. ಮೀನು ಹಿಡಿಯಾದು ಕಷ್ಟ ಅಲ್ಲ, ಮಡಗಾದು ಕಷ್ಟ."

ಯಜಮಾನರು ಸಂಜೆ ಹೋಗಿ ಬಲೆ ಬಿಡುತ್ತಾರೆ, ಬೆಳಗಿನ ಜಾವ ಎತ್ತುತ್ತಾರೆ. ಜಾಸ್ತಿ ಬೀಳುವುದು ಜಿಲೇಬಿ ಮೀನು. ಆರು ಗಂಟೆಗೆ ವ್ಯಾಪಾರಿ ಗಾಡಿಯಲ್ಲಿ ಕ್ರೇಟ್ ಕಟ್ಟಿಕೊಂಡು ಬರುತ್ತಾನೆ, ಕೆಜಿಗೆ 60 ರೂಪಾಯಿ ಅನ್ನುತ್ತಾನೆ. ಅದೇ ಮೀನು ಪೇಟೆಯಲ್ಲಿ 140. ಒಲ್ಲೆ ಅನ್ನೋಣ ಅಂದರೆ ಹತ್ತು ಗಂಟೆ ಬಿಸಿಲಿಗೆ ಕಿವಿರು ಕಪ್ಪಾಗುತ್ತದೆ, ಮಧ್ಯಾಹ್ನಕ್ಕೆ ನಾಯಿಗೆ ಹಾಕಬೇಕು. ಮೇಲಾಗಿ ಹೊಸ ಬಲೆಗೆ ಅವನ ಹತ್ತಿರವೇ 8,000 ಮುಂಗಡ ತಗೊಂಡಿದ್ದಾರೆ. ಸಂಘದ ಸಾಲ ಚಾವಣಿಗೆ ಹೋಗಿದೆ.

ಮೀನು ಎಲ್ಲಿ ಜಾಸ್ತಿ ಸಿಗುತ್ತೆ ಅಂದೆ. ಎದುರು ದಡದ ಕಡೆ ಕೈ ತೋರಿಸಿದರು. ಮಾಲಂಗಿ ಮಡು. ಮೈಸೂರು ಒಡೆಯರಿಗೆ ಅಲಮೇಲಮ್ಮ ಹಾಕಿದಳು ಅನ್ನುವ ಶಾಪ ನಮ್ಮ ಕಡೆ ಮಕ್ಕಳಿಗೂ ಬಾಯಿಪಾಠ ಅಲ್ವಾ, ತಲಕಾಡು ಮರಳಾಗಿ, ಮಾಲಂಗಿ ಮಡುವಾಗಿ. ನಾನು ಅದನ್ನೇ ಹೇಳಿದೆ. ಅಕ್ಕ ನಕ್ಕರು.

"ಮಡು ಇಲ್ದಿದ್ರೆ ನಮ್ಮೆಜಮಾನ್ರು ಬಲೆ ಎಲ್ಲಿ ಬುಡ್ತಿದ್ರು? ರೋಡಲ್ಲಾ?"

ಊಟಕ್ಕೆ ಮುದ್ದೆ, ಹುಣಸೆ ಹುಳಿ ಜೋರಾಗಿದ್ದ ಮೀನು ಸಾರು. ಉಳಿದವರು ರೆಸಾರ್ಟಿನಲ್ಲಿ ಬಫೆ ಉಂಡರಂತೆ. ಪಾಪ.

ಮೂರು ವಾರದ ನಂತರ ಒಬ್ಬಳೇ ಹೋದೆ. ಒಬ್ಬ ಕೇಟರಿಂಗ್‌ನವರಿಂದ ಹಳೆ ಐಸ್ ಪೆಟ್ಟಿಗೆ ಅರ್ಧ ಬೆಲೆಗೆ ಸಿಕ್ಕಿತ್ತು. 2023ರಿಂದ ನಮಗೆ ಬಸ್ಸು ಫ್ರೀ. ನನಗೆ ಸೊನ್ನೆ ರೂಪಾಯಿ ಟಿಕೆಟ್, ಪೆಟ್ಟಿಗೆಗೆ ದುಡ್ಡು. ಕಂಡಕ್ಟರ್ ಮುಖದಲ್ಲಿ ಗೆದ್ದ ಕಳೆ.

ಅಕ್ಕನ ಸಂಘದ ಐದು ಹೆಂಗಸರು ಅಷ್ಟರಲ್ಲಿ ಲೆಕ್ಕ ಹಾಕಿಟ್ಟಿದ್ದರು. ವಾರವಿಡೀ ಮೀನು ವ್ಯಾಪಾರಿಗೇ, ಭಾನುವಾರದ್ದು ಮಾತ್ರ ತಮಗೆ. ಅವನನ್ನು ಒಪ್ಪಿಸಿದ್ದೂ ಅಕ್ಕನೇ. ಒಂದು ಕೆಜಿ ಮೀನಿಗೆ ಒಂದು ಕೆಜಿ ಐಸ್ ಬೇಕು. ತಳಕ್ಕೆ ಐಸ್ ಪುಡಿ, ಮೇಲೆ ಮೀನು, ಮತ್ತೆ ಐಸ್. ಕರಗಿದ ನೀರು ಹೋಗಲು ಕೆಳಗಿನ ಬಿರಡೆ ತೆಗೆದಿರಬೇಕು, ನೀರಲ್ಲಿ ನೆನೆದರೆ ಮೀನು ಮೆತ್ತಗಾಗುತ್ತದೆ. ನಾನು ಹೇಳಿಕೊಡಲು ಹೋದೆ, ಅವರಿಗೆ ಅದೆಲ್ಲಾ ಮೊದಲೇ ಗೊತ್ತಿತ್ತು. ಪೆಟ್ಟಿಗೆ ಯಾರ ಮನೆಯಲ್ಲಿ ಇರಬೇಕು ಅನ್ನುವುದಕ್ಕೆ ಮಾತ್ರ ಮುಕ್ಕಾಲು ಗಂಟೆ ಜಗಳ. ಕೊನೆಗೆ ಗುಡಿ ಜಗಲಿಗೆ ಅಂತಾಯಿತು. ಪೂಜಾರಪ್ಪ ಮೀನಿನ ಪೆಟ್ಟಿಗೆಯಾ ಅಂತ ಎದ್ದುಹೋದರು. ಮತ್ತೆ ಮೊದಲಿಂದ ಶುರು.

ಕಾರುಗಳು ನಿಲ್ಲುವ ಕಡೆ ಒಂಬತ್ತು ಗಂಟೆಗೆ ಕೂತೆವು. 120ಕ್ಕೆ ಶುರು ಮಾಡಿ 110ಕ್ಕೆ ಇಳಿಸಿದರು. ಒಬ್ಬರು ಬಗ್ಗಿ ನೋಡಿ, ಸಮುದ್ರದ ಮೀನು ಇಲ್ವಾ ಅಂದರು. ಸಂಜೆ ಹೊತ್ತಿಗೆ ನಾಲ್ಕು ಕೆಜಿ ಉಳಿಯಿತು. ಅಕ್ಕ ಅದರಲ್ಲಿ ಒಂದು ಕೆಜಿ ಐಸ್ ಸಮೇತ ನನ್ನ ಚೀಲಕ್ಕೆ ಹಾಕಿದರು, ದುಡ್ಡು ತೆಗೆದುಕೊಳ್ಳಲಿಲ್ಲ. ತಿ. ನರಸೀಪುರ ದಾಟುವಷ್ಟರಲ್ಲಿ ಐಸ್ ಕರಗಿ ಸೀಟಿನ ಕೆಳಗೆ ಹರಿಯಿತು. ಪಕ್ಕದಲ್ಲಿದ್ದವರು ಮೂಗು ಮುಚ್ಚಿಕೊಂಡು ಎದ್ದರು. ಮೈಸೂರಿನವರೆಗೂ ಇಬ್ಬರು ಕೂರುವ ಸೀಟಿನಲ್ಲಿ ನಾನೊಬ್ಬಳೇ.