ಗೆರೆಯ ಅವಸರ

ಮಂಗಳವಾರ ಮಧ್ಯಾಹ್ನದಿಂದ ಒಂದೇ ಮಾತು ಕಿವಿಯಲ್ಲಿ ಕೂತಿದೆ. “ಗೆರೆಗೆ ಯಾಕೆ ತಂಗಿ ಇಷ್ಟು ಅವಸರ?”

ಕೇಳಿದವರು ಮಲೆನಾಡಿನ ಸಾಗರ ಪಟ್ಟಣದ ಆಚೆಯ ಹಳ್ಳಿಯಲ್ಲಿರುವ ನಮ್ಮ ಅಜ್ಜಿ. ದೂರದ ಸಂಬಂಧ, ಆದರೆ ನನ್ನ ಮದುವೆಯಲ್ಲಿ ವಧೂವರರು ಕೂರುವ ಹಸೆಗೋಡೆಗೆ ಚಿತ್ತಾರ ಬರೆದವರು ಅವರೇ. ಚಿತ್ತಾರಕ್ಕೆ ಕುಂಚವಾಗುವ ಪುಂಡಿನಾರು ಮುಗಿದಿತ್ತು, ಕೇಳಿ ತರಲು ಹೋಗಿದ್ದೆ. ಬೆಂಗಳೂರಿನ ಅಂಗಡಿಯೊಂದಕ್ಕೆ 60 ಚಿತ್ತಾರದ ಹಲಗೆಗಳನ್ನು ಕೊಡಬೇಕು, 38 ಮುಗಿದಿದ್ದವು. ಅವುಗಳಲ್ಲಿ ಚೆನ್ನಾಗಿ ಬಂದದ್ದನ್ನು ಚೀಲದಲ್ಲಿ ಇಟ್ಟುಕೊಂಡಿದ್ದೆ. ಅಜ್ಜಿ ಮೆಚ್ಚಬೇಕು ಎಂಬ ಆಸೆ ಬಹಳವೇ ಇತ್ತು.

ಭೂಮಿಯನ್ನು ಪೂಜಿಸುವ ಭೂಮಿ ಹುಣ್ಣಿಮೆ ಹತ್ತಿರ ಬಂದಿದೆ. ಸಗಣಿ ಸಾರಿಸಿ ಕೆಮ್ಮಣ್ಣು ಬಳಿದ, ಆ ಹಬ್ಬದ ಭೂಮಣ್ಣಿ ಬುಟ್ಟಿ ಜಗುಲಿಯಲ್ಲಿ ಒಣಗುತ್ತಿತ್ತು. ಅಜ್ಜಿ ನನ್ನ ಹಲಗೆಯನ್ನು ಬೆಳಕಿಗೆ ಹಿಡಿದರು, ಒಂದು ಗೆರೆಯ ಉದ್ದಕ್ಕೂ ಹೆಬ್ಬೆರಳು ಸವರಿದರು, ಆ ಮಾತು ಕೇಳಿದರು, ಹಲಗೆ ಕೆಳಗಿಟ್ಟು ಬುಟ್ಟಿ ಎತ್ತಿಕೊಂಡರು. ತಪ್ಪು ಹುಡುಕುವ ದನಿ ಅದಲ್ಲ. ಮಗು ಅರ್ಧ ಊಟಕ್ಕೇ ಎದ್ದು ಓಡಿದರೆ ಕೇಳುತ್ತಾರಲ್ಲ, ಹಾಗೆ ಕೇಳಿದರು.

ಆಮೇಲೆ ಒಂದು ಗಂಟೆ ಅವರ ಕೈಯನ್ನೇ ನೋಡುತ್ತಾ ಕುಳಿತೆ. ಅಕ್ಕಿ ನೆನೆಸಿ ಅರೆದ ಬಿಳಿ ತೆಂಗಿನ ಚಿಪ್ಪಿನಲ್ಲಿತ್ತು. ನಾರಿನ ತುದಿಯನ್ನು ಅದ್ದಿ, ಚಿಪ್ಪಿನ ಅಂಚಿಗೆ ಒಮ್ಮೆ ಒರೆಸಿ, ಬುಟ್ಟಿಗೆ ತಾಗಿಸಿದರು. ಬಲಗೈ ಇದ್ದಲ್ಲೇ ಇತ್ತು, ಎಡಗೈ ಬುಟ್ಟಿಯನ್ನು ಮೆಲ್ಲಗೆ ತಿರುಗಿಸಿತು. ಅಕ್ಕಿಯ ಗೆರೆ ಹಸಿಯಿರುವಾಗ ಸರಿಯಾಗಿ ಕಾಣುವುದಿಲ್ಲ, ಒಣಗುತ್ತಾ ಬೆಳ್ಳಗಾಗುತ್ತದೆ. ಅದು ಬೆಳ್ಳಗಾಗುವವರೆಗೆ ಅಜ್ಜಿ ಪಕ್ಕದ ಗೆರೆ ಎಳೆಯುವುದಿಲ್ಲ. ಅಷ್ಟು ಹೊತ್ತಿನಲ್ಲಿ ಕರುವನ್ನು ಗದರುತ್ತಾರೆ, ಸೊಸೆಗೆ ಒಲೆಯ ನೆನಪು ಮಾಡುತ್ತಾರೆ, ಇಲ್ಲವೇ ಸುಮ್ಮನೆ ಗೆರೆಯನ್ನು ನೋಡುತ್ತಾರೆ.

ನನ್ನ ಅಕ್ರಿಲಿಕ್ ಬಣ್ಣ ತಾಗಿದ ಕ್ಷಣವೇ ಬಿಳಿ. ಕಾಯಬೇಕಾಗಿಲ್ಲ. ಆರು ವರ್ಷಗಳಿಂದ ಅದನ್ನೇ ಅನುಕೂಲ ಎಂದುಕೊಂಡಿದ್ದೆ.

ಅಂಗಡಿಯವರ ಮೇಲೆ ನನಗೆ ದೂರಿಲ್ಲ. ಹೇಳಿದ ದಿನಕ್ಕೆ ಹಣ ಹಾಕುವ ಮನುಷ್ಯ. ಎಲ್ಲವೂ ಫೋಟೋದಲ್ಲಿ ಇದ್ದಂತೆಯೇ ಇರಬೇಕು ಎಂಬ ಒಂದೇ ಷರತ್ತು. ಆ ಹಣದಲ್ಲಿ ಮನೆ ಬಾಡಿಗೆ ಹೋಗುತ್ತದೆ, ಮಗಳ ಶಾಲೆಯ ಶುಲ್ಕ ಹೋಗುತ್ತದೆ. ಕಲೆಯನ್ನು ಮಾರಬಾರದು ಎಂದು ನನಗೆ ಬುದ್ಧಿ ಹೇಳಿದವರೆಲ್ಲ ತಿಂಗಳ ಸಂಬಳದವರು. ಅವರ ಮಾತು ಕೇಳಿದಾಗ ಈಗಲೂ ಸಿಟ್ಟು ಬರುತ್ತದೆ. ಊರಿನ ಎಷ್ಟೋ ಮದುವೆಗಳಿಗೆ ಅಜ್ಜಿ ಗೋಡೆ ತುಂಬ ಬರೆದರು, ಯಾರೂ ಒಂದು ರೂಪಾಯಿ ಕೊಟ್ಟವರಲ್ಲ. ಅದನ್ನು ದೊಡ್ಡ ತ್ಯಾಗ ಎಂದು ಹೊಗಳಲು ನನಗೆ ಬಾಯಿ ಬರುವುದಿಲ್ಲ. ಅವರ ಸೊಸೆಯ ಕೈ ಅತ್ತೆಗಿಂತ ನೇರ. ಅವಳಿಗೆ ಕೂಲಿ ಸಿಗುವಂತಿದ್ದರೆ ಅವಳೂ ನಾರು ಹಿಡಿಯುತ್ತಿದ್ದಳು.

ಆದರೂ ಆ ಪ್ರಶ್ನೆ ಹೋಗುತ್ತಿಲ್ಲ. 38 ಹಲಗೆಗಳಲ್ಲಿ ಒಂದನ್ನು ಬರೆದದ್ದೂ ನನಗೆ ನೆನಪಿಲ್ಲ. ಆ ಬುಟ್ಟಿಯೋ, ಹುಣ್ಣಿಮೆಯ ದಿನ ನಸುಕಿನಲ್ಲಿ ಬಸುರಿ ಭೂಮಿಗೆ ಎಡೆ ಹೊತ್ತು ಗದ್ದೆಗೆ ಹೋಗುತ್ತದೆ, ವರ್ಷ ಕಳೆದರೆ ಅದರ ಮೇಲೆಯೇ ಮತ್ತೆ ಸಗಣಿ, ಮತ್ತೆ ಕೆಮ್ಮಣ್ಣು. ಅಷ್ಟಕ್ಕಾಗಿ ಅಜ್ಜಿ ಪ್ರತಿ ಗೆರೆಗೂ ಕಾಯುತ್ತಾರೆ. ಬಿಡುವಾದ ಮೇಲೆ, ಸಾಲ ತೀರಿದ ಮೇಲೆ, ದೊಡ್ಡ ಕೋಣೆಯೊಂದು ಸಿಕ್ಕ ಮೇಲೆ ನನ್ನದೇ ಚಿತ್ತಾರ ಬರೆಯುತ್ತೇನೆ ಎಂದು ನಾನು ಮುಂದೂಡುತ್ತಲೇ ಬಂದೆ. ಅಜ್ಜಿಗೆ ಬೇಕಾದ ಬಿಡುವು ಎರಡು ಗೆರೆಗಳ ನಡುವೆಯೇ ಸಿಗುತ್ತಿತ್ತು. ಹಾಲು ಕರೆಯುವ ಹೊತ್ತಿಗೆ ಎದ್ದು ಹೋದರು, ಬಂದು ಬಿಟ್ಟಲ್ಲಿಂದಲೇ ಹಿಡಿದರು.

ನಾರಿಗೆ ಹಣ ಕೊಡಹೋದೆ. ತೆಗೆದುಕೊಳ್ಳಲಿಲ್ಲ. ಸೊಸೆಯ ಕೈಗೆ ಕೊಟ್ಟೆ, ಅವಳು ತೆಗೆದುಕೊಂಡಳು. ನನಗೆ ಸಮಾಧಾನವಾಯಿತು.

ನಿನ್ನೆ ಅಂಗಡಿಯವರಿಗೆ ಫೋನ್ ಮಾಡಿ ಹತ್ತು ದಿನ ಹೆಚ್ಚಿಗೆ ಕೇಳಿದೆ. ಸ್ವಲ್ಪ ಹೊತ್ತು ಮಾತಾಡಲಿಲ್ಲ, ಆಮೇಲೆ ಆರು ದಿನ ಕೊಟ್ಟರು. ಉಳಿದ 22 ಹಲಗೆಗಳಿಗೆ ಹಗಲು. ಬಾಡಿಗೆ ಮನೆಯ ಗೋಡೆಗೆ ಕೆಮ್ಮಣ್ಣು ಬಳಿಯುವಂತಿಲ್ಲ, ಹಾಗಾಗಿ ಸಂತೆಯಲ್ಲಿ ಒಂದು ಬುಟ್ಟಿ ತಂದು ಸಾರಿಸಿ ಇಟ್ಟಿದ್ದೇನೆ. ಮಗಳು ಏಳುವ ಮೊದಲು ಒಂದು ಗಂಟೆ ಸಿಗುತ್ತದೆ. ಅಕ್ಕಿ ನೆನೆಹಾಕಿದ್ದೇನೆ.